ಸೋಂಕಿನ ಕಾಲದಲ್ಲಿ ಮಿಲ್ಲು, ಅಡತ್ ಅಂಗಡಿ, ಖಾನಾವಳಿ ನಡೆಸುವ ಬಗೆ: ಕಲಬುರಗಿ ಸೀಮೆಯ ಮಾಲೀಕರಿಗೆ

2020ರ ಮಾರ್ಚ್ 10ರಂದು ಕಲಬುರಗಿಯ ಹಿರಿಯರೊಬ್ಬರು ತೀರಿಕೊಂಡರು. ಅದು ದೇಶದ ಮೊದಲ ಕೋವಿಡ್ ಸಾವು ಎಂದು ಖಚಿತವಾದದ್ದು 12ರಂದು. 25ಕ್ಕೆ ಇಡೀ ದೇಶ ಬಂದಾಯಿತು. ನಡುವೆ ಸಿಕ್ಕಿದ್ದು 13 ದಿನ. ಗಂಜಿಗೆ, ಅಂದರೆ ಧಾನ್ಯ ಮಾರುಕಟ್ಟೆಗೆ, ತೊಗರಿ ಬರುವ ಹಂಗಾಮಿನಲ್ಲಿ 13 ದಿನ ಎಂದರೆ ಕೂಲಿಕಾರರ ಬ್ಯಾಂಕ್ ಖಾತೆ ನಂಬರು ಕೂಡಿಸಲಿಕ್ಕೂ ಸಾಲದು. ಆದ್ದರಿಂದ ಕೆಳಗೆ ಬರೆದದ್ದರಲ್ಲಿ ಅರ್ಧದಷ್ಟು ಕೆಲಸ ಊರಲ್ಲಿ ಯಾವ ರೋಗವೂ ಇಲ್ಲದಾಗಲೇ ಮುಗಿಸಿಡಬೇಕಾದದ್ದು.

ಹತ್ತರಿಂದ ನೂರು ಜನ ದುಡಿಯುವ ಜಾಗಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ: ಕಪನೂರಿನ ಬೇಳೆ ಮಿಲ್ಲು, ಗಂಜಿನ ಅಡತ್ (ದಲಾಲಿ) ಅಂಗಡಿ, ಶಹಾಬಾದ್ ಕಲ್ಲಿನ ಪಾಲಿಶ್ ಘಟಕ, ಯಾದಗಿರಿಯ ಹತ್ತಿ ಜಿನ್ನಿಂಗ್, ಬೀದರಿನ ಖಾನಾವಳಿ. ದೊಡ್ಡ ಸಿಮೆಂಟ್ ಕಾರ್ಖಾನೆಗಳಿಗೆ ತಮ್ಮದೇ ಸುರಕ್ಷತಾ ವಿಭಾಗ, ತಮ್ಮದೇ ವೈದ್ಯರು ಇರುತ್ತಾರೆ. ಸಣ್ಣ ಮಾಲೀಕನಿಗೆ ಇರುವವರು ಒಬ್ಬ ಮುನೀಮ, ಒಬ್ಬ ಫಿಟ್ಟರ್ ಮಾತ್ರ.

ಮೊದಲು ಪಗಾರದ ಮಾತು

ಗೇಟಿನಲ್ಲಿ ಸ್ಯಾನಿಟೈಸರ್ ಬಾಟಲಿ ಇಡುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾಳೆ ಬೆಳಿಗ್ಗೆ ಮೈ ಬಿಸಿಯಾದ ಹಮಾಲ ಮನೆಯಲ್ಲಿ ಉಳಿದರೆ ಅವನ ಅಂದಿನ ಕೂಲಿ ಏನಾಗುತ್ತದೆ? ಕಟ್ಟಾಗುತ್ತದೆ ಎಂದಾದರೆ ಅವನು ಒಂದು ಗುಳಿಗೆ ನುಂಗಿ, ಟವೆಲ್ ಸುತ್ತಿಕೊಂಡು ಬರುತ್ತಾನೆ. ಮನೆಯಲ್ಲಿ ಅಂದಿನ ಹಿಟ್ಟು ಅಂದಿನ ಕೂಲಿಯಿಂದಲೇ ಬರಬೇಕು. ಅದರಲ್ಲಿ ಅವನ ತಪ್ಪಿಲ್ಲ. ಫ್ಲೂ ಜ್ವರದಲ್ಲಿ ರೋಗ ಇತರರಿಗೆ ಹೆಚ್ಚು ಅಂಟುವುದು ಮೊದಲ ಮೂರು-ನಾಲ್ಕು ದಿನ. ಲಕ್ಷಣ ಕಾಣುವ ಹಿಂದಿನ ದಿನದಿಂದಲೇ ಅದು ಶುರುವಾಗಿರುತ್ತದೆ. ಕೋವಿಡ್ ನಡೆಯುವುದೂ ಹೆಚ್ಚುಕಡಿಮೆ ಇದೇ ರೀತಿ. ಗುಳಿಗೆ ನುಂಗಿದವನ ಹಣೆಯಲ್ಲಿ ನಿಮ್ಮ ಗನ್ ಥರ್ಮಾಮೀಟರಿಗೆ ಏನೂ ಸಿಗುವುದಿಲ್ಲ.

ನಿಯಮ ಸರಳವಾಗಿರಲಿ. ಜ್ವರ, ಕೆಮ್ಮು, ವಾಂತಿ, ಭೇದಿ ಇದ್ದವರು ಪಾಳಿಗೆ ಮುಂಚೆ ಫೋನ್ ಮಾಡಿ ತಿಳಿಸಿದರೆ ಮೊದಲ ಮೂರು ದಿನ ಪೂರ್ತಿ ಪಗಾರ. ಚೀಟಿ ಕೇಳಬೇಡಿ. ತುಂಡುಗೂಲಿಯವರಿಗೆ, ಅಂದರೆ ಚೀಲದ ಲೆಕ್ಕದಲ್ಲಿ ದುಡಿಯುವ ಹಮಾಲರಿಗೆ, ಹಿಂದಿನ ನಾಲ್ಕು ವಾರದ ಸರಾಸರಿ ದಿನಗೂಲಿಯನ್ನು ಕೊಡಿ. ಈ ನಿಯಮವನ್ನು ಹಮಾಲರ ಗುಂಪಿನ ಮುಂದಾಳಿನ ಎದುರಿಗೆ, ಗುತ್ತಿಗೆದಾರನ ಎದುರಿಗೆ, ಬಾಯಲ್ಲಿ ಹೇಳಿ, ಬರೆದೂ ಅಂಟಿಸಿ. ಗುತ್ತಿಗೆ ಆಳುಗಳಾಗಿದ್ದರೆ ಗುತ್ತಿಗೆದಾರನ ಬಿಲ್ಲಿನಲ್ಲಿ ಈ ಮೂರು ದಿನವನ್ನು ಬೇರೆ ಸಾಲಾಗಿ ತೋರಿಸಲು ಒಪ್ಪಂದ ಮಾಡಿಕೊಳ್ಳಿ. ಇಲ್ಲವಾದರೆ ನೀವು ಕೊಟ್ಟ ದುಡ್ಡು ಕಾಯಿಲೆಯವನ ಕೈಗೆ ಮುಟ್ಟುವುದಿಲ್ಲ.

ಇದರ ಖರ್ಚೆಷ್ಟು? ಉದಾಹರಣೆಗೆ 40 ಜನರ ಮಿಲ್ಲು, ದಿನಕ್ಕೆ 500 ರೂಪಾಯಿ ಕೂಲಿ, ಸೋಂಕಿನ ಒಂದು ಅಲೆಯಲ್ಲಿ ನಾಲ್ವರಲ್ಲಿ ಒಬ್ಬರು ಮಲಗುತ್ತಾರೆ ಎಂದಿಟ್ಟುಕೊಳ್ಳಿ. 10 ಜನ, ತಲಾ ಮೂರು ದಿನ, ಒಟ್ಟು 15,000 ರೂಪಾಯಿ. ಏಳು ದಿನ ಕೊಟ್ಟರೆ 35,000. ರೋಲರ್ ನಡೆಸುವವನು, ಬೇಳೆಯನ್ನು ಬಣ್ಣ ನೋಡಿ ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರದ ಆಪರೇಟರ್, ಲೋಡಿಂಗಿನ ಗುಂಪು ಒಂದೇ ವಾರ ಮಲಗಿದರೆ ಆಗುವ ನಷ್ಟವನ್ನು ಇದರ ಪಕ್ಕದಲ್ಲಿ ಬರೆದು ನೋಡಿ. ಸುಳ್ಳು ಹೇಳಿ ಸೂಟಿ ತೆಗೆದುಕೊಳ್ಳುವವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರಿಗಾಗಿ ಎಲ್ಲರಿಗೂ ಚೀಟಿ ಕಡ್ಡಾಯ ಮಾಡಿದರೆ ರೋಗಿಗಳು ಚೀಟಿಗಾಗಿ ಆಸ್ಪತ್ರೆಯ ಸಾಲಿನಲ್ಲಿ ನಿಂತು ಇನ್ನಷ್ಟು ಜನರಿಗೆ ಹಚ್ಚಿ ಬರುತ್ತಾರೆ.

ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇದೆಯಲ್ಲ ಎನ್ನುವವರು ಅದರ ಕಟ್ಟಳೆಯನ್ನು ಸರಿಯಾಗಿ ಓದಬೇಕು. ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇರುವವರಿಗೆ ಅದು ಅನ್ವಯ. ಮಾಲೀಕನ ಪಾಲು ಶೇ. 3.25, ಕಾರ್ಮಿಕನದು ಶೇ. 0.75. ಕಾಯಿಲೆ ಬಿದ್ದರೆ ಸರಾಸರಿ ಕೂಲಿಯ ಶೇ. 70ರಂತೆ ವರ್ಷಕ್ಕೆ 91 ದಿನದವರೆಗೆ ಹಣ ಬರುತ್ತದೆ. ಆದರೆ ಮೊದಲ ಎರಡು ದಿನ ಕಾಯುವ ಅವಧಿ, ಆ ಎರಡು ದಿನಕ್ಕೆ ಹಣ ಇಲ್ಲ. 15 ದಿನದೊಳಗೆ ಮತ್ತೆ ಅದೇ ವ್ಯಕ್ತಿ ಮಲಗಿದರೆ ಮಾತ್ರ ಎರಡನೇ ಸಲ ಆ ಅವಧಿ ಇರುವುದಿಲ್ಲ. ಸೋಂಕು ಹೆಚ್ಚು ಹರಡುವ ದಿನಗಳಿಗೇ ಇಎಸ್‌ಐ ಹಣ ಸಿಗದು ಎಂದಾಯಿತು. ಮಾಲೀಕನ ಮೂರು ದಿನ ಆ ತೂತನ್ನು ಮುಚ್ಚುತ್ತದೆ.

ಇನ್ನೊಂದು ತೊಡಕು ನಮ್ಮ ಹಂಗಾಮಿ ಕೆಲಸಗಾರರದು. ಈ ಹಣ ಸಿಗಬೇಕಾದರೆ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಇರಬೇಕು. ಹೊಸದಾಗಿ ಸೇರಿದವರಿಗೆ ಹಣ ಪಡೆಯುವ ಅವಧಿ ಶುರುವಾಗುವುದೇ ಒಂಬತ್ತು ತಿಂಗಳ ಮೇಲೆ. ಡಿಸೆಂಬರಿನಲ್ಲಿ ತೊಗರಿ ಸುಗ್ಗಿಗೆ ಸೇರಿ ಮಾರ್ಚಿಗೆ ಊರಿಗೆ ಹೋಗುವವನಿಗೆ ಔಷಧೋಪಚಾರ ಸಿಗಬಹುದು, ಕಾಯಿಲೆಯ ಹಣ ಸಿಗುವುದಿಲ್ಲ. ಹತ್ತಿ ಜಿನ್ನಿಂಗಿನಂಥ ಹಂಗಾಮಿ ಕಾರ್ಖಾನೆಗಳು ಕಾಯ್ದೆಯ ವ್ಯಾಪ್ತಿಯಿಂದಲೇ ಹೊರಗೆ. ಅಂಥವರಿಗೆ ಮೂರು ದಿನದ ಬದಲು ಏಳು ದಿನದ ಲೆಕ್ಕವನ್ನೇ ಹಿಡಿಯಿರಿ. ಅಂಗಡಿ, ಹೋಟೆಲು, ಕಚೇರಿಗಳಿಗೆ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ವರ್ಷಕ್ಕೆ 12 ದಿನದವರೆಗೆ ಪಗಾರಸಹಿತ ಕಾಯಿಲೆ ರಜೆಯನ್ನು ಮೊದಲೇ ಕೊಟ್ಟಿದೆ. ಗಂಜಿನಲ್ಲಿ ಎಷ್ಟೋ ಜನ ಗುಮಾಸ್ತರಿಗೆ ಇದು ಗೊತ್ತೇ ಇಲ್ಲ. ಹೇಳಿಬಿಡಿ, ಅದು ಅವರ ಹಕ್ಕು.

ಈಗಲೇ ಮಾಡಬೇಕಾದ ಕಾಗದದ ಕೆಲಸ: ಪ್ರತಿಯೊಬ್ಬರ ಇಎಸ್‌ಐ ವಿಮಾ ಸಂಖ್ಯೆ, ಅದರಲ್ಲಿ ಕುಟುಂಬದವರ ಹೆಸರು ಇದೆಯೇ, ಬ್ಯಾಂಕ್ ಖಾತೆ ಚಾಲ್ತಿಯಲ್ಲಿದೆಯೇ, ಆಧಾರ್ ಹೆಸರಿಗೂ ಖಾತೆಯ ಹೆಸರಿಗೂ ಹೊಂದಿಕೆ ಇದೆಯೇ ಎಂದು ನೋಡಿ. ಒಂದೇ ಅಕ್ಷರದ ವ್ಯತ್ಯಾಸಕ್ಕೆ ಹಣ ತಿಂಗಳುಗಟ್ಟಲೆ ನಿಲ್ಲುತ್ತದೆ.

ಸರ್ಕಾರದ ಆದೇಶ ಬರಲಿ, ಆಮೇಲೆ ನೋಡೋಣ ಎಂದು ಕೂರುವುದರಲ್ಲಿ ಅರ್ಥವಿಲ್ಲ. 2020ರ ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆ ಲಾಕ್‌ಡೌನಿನ ಪೂರ್ತಿ ಪಗಾರ ಕೊಡಬೇಕೆಂದು ಆದೇಶಿಸಿತು. ಮೇ 18ರಿಂದ ಅದು ಹಿಂದಕ್ಕೆ ಹೋಯಿತು. ಜೂನ್ 12ರಂದು ಸುಪ್ರೀಂ ಕೋರ್ಟು, ಮಾಲೀಕರೂ ಕಾರ್ಮಿಕರೂ ಕೂತು ಮಾತಾಡಿ ತೀರಿಸಿಕೊಳ್ಳಿ ಎಂದಿತು. ಕೊನೆಗೂ ಕೂತು ಮಾತಾಡುವುದೇ ಆದರೆ, ಯಾರೂ ಹೆದರಿರದ ಹೊತ್ತಿನಲ್ಲಿ ಮಾತಾಡಿಕೊಳ್ಳುವುದು ಲೇಸು.

ರೋಗ ಬರುವ ದಾರಿ ಯಾವುದು

ಊರಲ್ಲಿ ಸೋಂಕು ಎಂದ ಕೂಡಲೇ ಎಲ್ಲರೂ ಒಂದೇ ಸಾಮಾನು ಕೊಳ್ಳುತ್ತಾರೆ: ಮಾಸ್ಕ್, ಸ್ಯಾನಿಟೈಸರ್, ಸ್ಪ್ರೇ ಪಂಪು. ವಾಂತಿ-ಭೇದಿಗೆ ಮಾಸ್ಕ್ ಪ್ರಯೋಜನವಿಲ್ಲ, ಡೆಂಗಿಗೆ ಸ್ಯಾನಿಟೈಸರ್ ಪ್ರಯೋಜನವಿಲ್ಲ. ಮೊದಲು ದಾರಿ ಗುರುತಿಸಿ: ನೀರು-ಅನ್ನ, ಉಸಿರು, ಸೊಳ್ಳೆ. ಖಚಿತ ಮಾಹಿತಿ ಬೇಕಾದರೆ ಆರೋಗ್ಯ ಸಹಾಯವಾಣಿ 104, ಇಲ್ಲವೇ ನಿಮ್ಮ ವ್ಯಾಪ್ತಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನು ಕೇಳಿ. ಜಿಲ್ಲಾ ಸರ್ವೇಕ್ಷಣಾ ಘಟಕದ ಫೋನ್ ನಂಬರನ್ನು ಮೊದಲೇ ತಂದು ಗೋಡೆಗೆ ಬರೆಸಿಡಿ. ವಾಟ್ಸಾಪಿನಲ್ಲಿ ಬಂದದ್ದನ್ನು ನಂಬಿ ಮಿಲ್ಲು ಮುಚ್ಚುವುದೂ ಬೇಡ, ತೆರೆದಿಡುವುದೂ ಬೇಡ.

ಮಿಲ್ಲಿನೊಳಗಿನ ಎಚ್ಚರಿಕೆ ಗಂಟೆ ಹೀಗಿರಲಿ: ಒಂದೇ ದಿನದಲ್ಲಿ ಇಬ್ಬರಿಗೆ ವಾಂತಿ-ಭೇದಿ, ಅಥವಾ ಒಂದೇ ವಿಭಾಗದಲ್ಲಿ ಮೂರು ದಿನದೊಳಗೆ ಮೂವರಿಗೆ ಜ್ವರ ಬಂದರೆ ಆರೋಗ್ಯ ಕೇಂದ್ರಕ್ಕೆ ಫೋನ್ ಹೋಗಬೇಕು. ಒಂದು ನೋಟುಬುಕ್ಕಿನಲ್ಲಿ ಹೆಸರು, ವಯಸ್ಸು, ಊರು, ವಿಭಾಗ, ಪಾಳಿ, ಲಕ್ಷಣ ಶುರುವಾದ ದಿನ ಮತ್ತು ಗಂಟೆ, ಹಿಂದಿನ ದಿನ ಕುಡಿದ ನೀರು, ಉಂಡ ಊಟ ಬರೆಯಿರಿ. ವೈದ್ಯರು ಬಂದಾಗ ಈ ಹಾಳೆಯೊಂದು ಅವರ ಅರ್ಧ ದಿನ ಉಳಿಸುತ್ತದೆ. ಭೇದಿಯಾದ ಐವರೂ ಹಿತ್ತಿಲಿನ ಒಂದೇ ಗಡಗಿಯ ನೀರು ಕುಡಿದಿದ್ದರೆ ಆ ಹಾಳೆಯಲ್ಲಿ ಅದು ಎದ್ದು ಕಾಣುತ್ತದೆ.

ನೀರು

ನಮ್ಮಲ್ಲಿ ಹೆಚ್ಚು ಮರುಕಳಿಸುವುದು ಇದೇ. ಬೇಸಿಗೆಯಲ್ಲಿ ನಳಕ್ಕೆ ನಾಲ್ಕಾರು ದಿನಕ್ಕೊಮ್ಮೆ ನೀರು ಬಿಡುತ್ತಾರೆ. ನೀರು ನಿಂತ ಹೊತ್ತಿನಲ್ಲಿ ಪೈಪು ಖಾಲಿಯಾಗಿ, ಒಡೆದ ಕಡೆ ಚರಂಡಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲು ಬರುವುದು ಅದೇ. ಆದ್ದರಿಂದ ನೀರು ಬಂದ ಮೊದಲ ಹತ್ತು ನಿಮಿಷ ಟ್ಯಾಂಕಿಗೆ ಹಾಯಿಸದೆ ಹೊರಗೆ ಬಿಡಿ. ಮೊದಲ ಮಳೆಯ ವಾರದಲ್ಲಿ ಇದು ಇನ್ನೂ ಮುಖ್ಯ.

ಟ್ಯಾಂಕು ತೊಳೆಯುವ ಕ್ರಮ: ಖಾಲಿ ಮಾಡಿ, ಗೋಡೆ ಉಜ್ಜಿ, ಕೆಸರು ತೆಗೆದು, ಮತ್ತೆ ತುಂಬಿಸಿ. 1,000 ಲೀಟರಿಗೆ 200 ಗ್ರಾಂ ಬ್ಲೀಚಿಂಗ್ ಪೌಡರ್ ಬೇಕು. ಇದು ಶೇ. 25 ಕ್ಲೋರಿನ್ ಇರುವ ಪುಡಿಯ ಲೆಕ್ಕ, ನೀರಿನಲ್ಲಿ 50 ಪಿಪಿಎಂ, ಅಂದರೆ ಲೀಟರಿಗೆ 50 ಮಿಲಿಗ್ರಾಂ, ಆಗುತ್ತದೆ. ಪುಡಿಯನ್ನು ನೇರ ಟ್ಯಾಂಕಿಗೆ ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟಿನಲ್ಲಿ ಸ್ವಲ್ಪ ನೀರಿಗೆ ಕಲಸಿ, ಬಕೆಟ್ ತುಂಬಿಸಿ, ಕಾಲು ಗಂಟೆ ಬಿಟ್ಟು ಮೇಲಿನ ತಿಳಿಯನ್ನಷ್ಟೇ ಸುರಿಯಿರಿ. ಕೆಳಗೆ ಕೂತ ಸುಣ್ಣ ನಳದ ಬಾಯಿ ಕಟ್ಟಿಸುತ್ತದೆ. ಎಲ್ಲ ನಳಗಳನ್ನೂ ಕ್ಲೋರಿನ್ ವಾಸನೆ ಬರುವವರೆಗೆ ಬಿಟ್ಟು, ಬಂದ್ ಮಾಡಿ, 12 ಗಂಟೆ ನಿಲ್ಲಿಸಿ. ಅಷ್ಟು ಹೊತ್ತು ಯಾರೂ ಕುಡಿಯದಂತೆ ನಳಕ್ಕೆ ಕೆಂಪು ಬಟ್ಟೆ ಕಟ್ಟಿ. ಆಮೇಲೆ ಪೂರ್ತಿ ಖಾಲಿ ಮಾಡಿ ತೊಳೆದು ಹೊಸ ನೀರು ತುಂಬಿಸಿ.

ದಿನದ ಪ್ರಮಾಣ ಬೇರೆ: 1,000 ಲೀಟರಿಗೆ ಅದೇ ಶೇ. 25ರ ಪುಡಿ 8 ಗ್ರಾಂ. ಅಂದಾಜು ಚಮಚ ಬೇಡ, ಚಿಕ್ಕ ಡಿಜಿಟಲ್ ತಕ್ಕಡಿ ಕೊಳ್ಳಿ. ಅರ್ಧ ಗಂಟೆ ಬಿಟ್ಟು ಟ್ಯಾಂಕಿನಿಂದ ಎಲ್ಲಕ್ಕಿಂತ ದೂರದ ನಳದಲ್ಲಿ ಕ್ಲೋರೋಸ್ಕೋಪ್ (ನೀರಿನ ಕ್ಲೋರಿನ್ ಅಳೆಯುವ ಸಾಧನ) ಹಿಡಿದು ನೋಡಿ. ಉಳಿಕೆ ಕ್ಲೋರಿನ್ ಸಾಮಾನ್ಯ ದಿನಗಳಲ್ಲಿ ಲೀಟರಿಗೆ 0.2 ಮಿಲಿಗ್ರಾಂಗಿಂತ ಕಡಿಮೆ ಇರಬಾರದು, ಭೇದಿ ಹರಡಿದಾಗ 0.5 ಬೇಕು. ಬರದಿದ್ದರೆ ಪುಡಿಯನ್ನು 12 ಗ್ರಾಂಗೆ ಏರಿಸಿ ಮತ್ತೆ ನೋಡಿ. 1 ಮಿಲಿಗ್ರಾಂ ದಾಟಿಸಬೇಡಿ. ವಾಸನೆಗೆ ಬೇಸತ್ತು ಜನ ಪಕ್ಕದ ಬಾವಿಯ ನೀರಿಗೆ ಹೋಗುತ್ತಾರೆ, ಮಾಡಿದ್ದೆಲ್ಲ ನೀರುಪಾಲು. ಟ್ಯಾಂಕರ್ ನೀರು ರಾಡಿಯಾಗಿದ್ದರೆ ಕ್ಲೋರಿನ್ ಆ ಮಣ್ಣಿಗೇ ಖರ್ಚಾಗುತ್ತದೆ. ಮೊದಲು ಪಟಿಕ ತಿರುಗಿಸಿ ತಿಳಿಯಾಗಿಸಿಕೊಳ್ಳಿ.

ಪುಡಿ ಕೆಲಸ ಮಾಡಲಿಲ್ಲ ಎಂಬ ದೂರಿಗೆ ಹತ್ತರಲ್ಲಿ ಒಂಬತ್ತು ಸಲ ಕಾರಣ ನಮ್ಮ ಬಿಸಿಲು. ಏಪ್ರಿಲ್-ಮೇ ತಿಂಗಳಲ್ಲಿ ಪತ್ರಾಸ್ ಶೆಡ್ಡಿನೊಳಗೆ ಬಾಯಿ ಬಿಚ್ಚಿಟ್ಟ ಚೀಲ ಕೆಲವೇ ವಾರಗಳಲ್ಲಿ ಬಲ ಕಳೆದುಕೊಂಡು ಬರೀ ಸುಣ್ಣವಾಗುತ್ತದೆ. ಐದು ಕಿಲೋದ ಸಣ್ಣ ಪೊಟ್ಟಣಗಳನ್ನು ಕೊಳ್ಳಿ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಕಲ್ಲುಗೋಡೆಯ ತಂಪು ಕೋಣೆಯಲ್ಲಿಡಿ. ಕಬ್ಬಿಣದ ಡಬ್ಬಿಯನ್ನು ಅದು ತಿಂದುಹಾಕುತ್ತದೆ. ಬಿಚ್ಚಿದ ತಾರೀಕು ಬರೆಯಿರಿ. ಆ್ಯಸಿಡ್, ಫಿನಾಯಿಲ್ ಜೊತೆ ಎಂದೂ ಕಲಸಬೇಡಿ. ಆ್ಯಸಿಡ್ ತಾಗಿದರೆ ಕ್ಲೋರಿನ್ ಅನಿಲ ಎದ್ದು ಕಕ್ಕಸು ತೊಳೆಯುವವರ ಜೀವಕ್ಕೇ ಕುತ್ತು.

ಇಪ್ಪತ್ತು ಲೀಟರಿನ ಜಾರ್ ನೀರು ತರಿಸುತ್ತೇವಲ್ಲ ಎಂಬ ನೆಮ್ಮದಿ ಅರೆಬರೆ. ಶುದ್ಧೀಕರಣ ಘಟಕದ ನೀರಿನಲ್ಲಿ ಸಾಮಾನ್ಯವಾಗಿ ಉಳಿಕೆ ಕ್ಲೋರಿನ್ ಇರುವುದಿಲ್ಲ. ಜಾರ್ ಒಳಗೆ ಕೊಳೆ ಇದ್ದರೆ, ಯಾರಾದರೂ ಲೋಟ ಅದ್ದಿದರೆ, ಕಾಪಾಡಲು ಅದರಲ್ಲಿ ಏನೂ ಇಲ್ಲ. ಭೇದಿಯ ಕಾಲದಲ್ಲಿ 67 ಮಿಲಿಗ್ರಾಂನ ಕ್ಲೋರಿನ್ ಮಾತ್ರೆ 20 ಲೀಟರ್ ತಿಳಿನೀರಿಗೆ ಒಂದರಂತೆ ಹಾಕಿ, ಅರ್ಧ ಗಂಟೆ ಬಿಡಿ. ಗಡಗಿಗೆ ಚರಗಿ ಅದ್ದುವ ರೂಢಿ ನಿಲ್ಲಲಿ. ನಳ ಕೂಡಿಸಿದ ಮಣ್ಣಿನ ಗಡಗಿ ಅಂಗಡಿಯಲ್ಲೇ ಸಿಗುತ್ತದೆ, ತಂಪೂ ಉಳಿಯುತ್ತದೆ.

ಖಾನಾವಳಿಯವರು ಗಮನಿಸಿ: ರೊಟ್ಟಿ ಬಿಸಿಯಾಗಿಯೇ ಬರುತ್ತದೆ, ಅದರಿಂದ ಅಪಾಯ ಕಡಿಮೆ. ಅಪಾಯ ಇರುವುದು ಹಚ್ಚಿದ ಉಳ್ಳಾಗಡ್ಡಿ, ಸೌತೆಕಾಯಿ, ಮಜ್ಜಿಗೆ, ಐಸ್, ನಿನ್ನೆಯ ಚಟ್ನಿಯಲ್ಲಿ. ಸೋಂಕು ಇಳಿಯುವವರೆಗೆ ಹಸಿ ತರಕಾರಿ ಮತ್ತು ಹೊರಗಿನ ಐಸ್ ನಿಲ್ಲಿಸಿ. ವಾಂತಿ ಅಥವಾ ಭೇದಿಯಾದ ಅಡುಗೆಯವರು, ಬಡಿಸುವವರು ಪೂರ್ತಿ ನಿಂತ ಮೇಲೆ 48 ಗಂಟೆ ಕಳೆಯುವವರೆಗೆ ಒಲೆಯ ಹತ್ತಿರ ಬರಬಾರದು. ಟೈಫಾಯ್ಡ್ ಆದವರಿಗೆ ಅಷ್ಟು ಸಾಲದು, ಮಲ ಪರೀಕ್ಷೆ ನೋಡಿ ವೈದ್ಯರು ಹೇಳಿದ ಮೇಲೆ ಬರಲಿ. ಆ ದಿನಗಳಿಗೂ ಪಗಾರ ಇರಬೇಕು, ಇಲ್ಲವಾದರೆ ಯಾರೂ ಬಾಯಿ ಬಿಡುವುದಿಲ್ಲ.

ನೆಲದ ಮೇಲೆ ವಾಂತಿಯಾದರೆ ಕಸಬರಿಗೆಯಿಂದ ಸೆಳೆಯಬೇಡಿ. ಲೀಟರ್ ನೀರಿಗೆ 40 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿದ ದ್ರಾವಣ, ಅಂದರೆ ಶೇ. 1, ಅದರ ಮೇಲೆ ಸುರಿದು ಅರ್ಧ ಗಂಟೆ ಬಿಟ್ಟು, ಕೈಗವಸು ಹಾಕಿ ಬಳಿದು ತೆಗೆಯಿರಿ. ದ್ರಾವಣ ಅಂದಂದಿಗೆ ಹೊಸದು.

ಉಸಿರು

ಇಲ್ಲಿ ಹೆಚ್ಚು ದುಡ್ಡು ವ್ಯರ್ಥವಾಗುವುದು ಸಿಂಪಡಣೆಗೆ. ಜನರ ಮೈಮೇಲೆ ಔಷಧ ಸಿಂಪಡಿಸಬಾರದೆಂದು 2020ರ ಏಪ್ರಿಲ್‌ನಲ್ಲೇ ಕೇಂದ್ರ ಆರೋಗ್ಯ ಇಲಾಖೆ ಹೇಳಿತ್ತು. ಅದರಿಂದ ಒಳಗಿನ ವೈರಸ್ ಸಾಯುವುದಿಲ್ಲ, ಕಣ್ಣು-ಚರ್ಮ ಸುಡುತ್ತದೆ. ಆ ದುಡ್ಡನ್ನು ಗಾಳಿ ಆಡಿಸುವುದಕ್ಕೆ ಹಾಕಿ.

ಗದ್ದಿಗೆಯ ಕಚೇರಿ, ಬಿಲ್ಲಿಂಗ್ ಕೋಣೆ, ಸಾರ್ಟೆಕ್ಸ್ ಕೋಣೆ: ಎ.ಸಿ. ಇರುವ ಈ ಕೋಣೆಗಳೇ ಮಿಲ್ಲಿನ ಅಪಾಯದ ಜಾಗಗಳು, ಧೂಳಿನ ಶೆಡ್ಡಲ್ಲ. ಸ್ಪ್ಲಿಟ್ ಎ.ಸಿ. ಹೊರಗಿನ ಗಾಳಿ ತರುವುದಿಲ್ಲ, ಒಳಗಿನ ಉಸಿರನ್ನೇ ತಂಪು ಮಾಡಿ ತಿರುಗಿಸುತ್ತದೆ. ಕಾರ್ಬನ್ ಡೈಆಕ್ಸೈಡ್ ಮೀಟರ್ ಒಂದು ತಂದಿಡಿ. ಹೊರಗೆ ಅದು ಸುಮಾರು 420 ಪಿಪಿಎಂ ತೋರಿಸುತ್ತದೆ. ಜನ ಕೂತ ಕೋಣೆಯಲ್ಲಿ 1,000 ದಾಟಿದರೆ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆ ಎಂದೇ ತಿಳಿಯಿರಿ.

ಮೇ ತಿಂಗಳಲ್ಲಿ 43 ಡಿಗ್ರಿಗೆ ಕಿಟಕಿ ತೆರೆಯಿರಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಲೂಬಾರದು. ನಮ್ಮ ಸೀಮೆಯಲ್ಲಿ ಇದಕ್ಕೆ ಉತ್ತರ ಮನೆಮನೆಯಲ್ಲಿದೆ: ಹುಲ್ಲಿನ ಪ್ಯಾಡಿನ ಕೂಲರ್. ಅದನ್ನು ಕಿಟಕಿಯ ಹೊರಗೆ ಕೂಡಿಸಿ ಎದುರಿನ ಕಿಟಕಿ ಅರ್ಧ ತೆರೆದರೆ ಹೊರಗಿನ ಗಾಳಿ ತಂಪಾಗಿ ಒಳಬಂದು ಹಳೆಯ ಗಾಳಿಯನ್ನು ತಳ್ಳಿಕೊಂಡು ಹೋಗುತ್ತದೆ. ಕೋಣೆಯೊಳಗಿಟ್ಟ ಕೂಲರ್ ಈ ಕೆಲಸ ಮಾಡುವುದಿಲ್ಲ. ಸೀಲಿಂಗ್ ಫ್ಯಾನಂತೂ ಇದ್ದ ಗಾಳಿಯನ್ನೇ ಕಲಕುತ್ತದೆ. ಕೂಲರ್ ಇಲ್ಲದ ಕಡೆ ಒಂದು ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿ, ಅದರ ಎದುರು ಗೋಡೆಯಲ್ಲಿ ಗಾಳಿ ಬರುವ ತೆರವು ಬಿಡಿ. ಫ್ಯಾನಿನ ಪಕ್ಕದ ಕಿಟಕಿಯೇ ತೆರೆದಿದ್ದರೆ ಗಾಳಿ ಅಲ್ಲಿಂದಲೇ ಬಂದು ಅಲ್ಲಿಂದಲೇ ಹೋಗುತ್ತದೆ, ಕೋಣೆ ಹಾಗೇ ಉಳಿಯುತ್ತದೆ.

ಬೇಳೆ ಹಸನು ಮಾಡುವ ಹೆಣ್ಣುಮಕ್ಕಳು ರಾಶಿಯ ಸುತ್ತ ಎದುರುಬದುರು ಕೂರುತ್ತಾರೆ. ಸಾಲಾಗಿ, ಎಲ್ಲರ ಮುಖ ಒಂದೇ ದಿಕ್ಕಿಗೆ, ನಡುವೆ ಎರಡು ಮೊಳ ಬಿಟ್ಟು, ಶೆಡ್ಡಿನ ತೆರೆದ ಅಂಚಿಗೆ ಕೂರಿಸಿ. ಬೆಳಿಗ್ಗೆ ಒಂದೇ ಟಂಟಂ ಆಟೋದಲ್ಲಿ ಹತ್ತು-ಹನ್ನೆರಡು ಜನ ಒತ್ತಿಕೊಂಡು ಬರುವುದನ್ನು ಬಿಟ್ಟು ಮಿಲ್ಲಿನೊಳಗೆ ಆರು ಅಡಿ ಅಳೆದರೆ ಹುರುಳಿಲ್ಲ. ಎರಡು ಟ್ರಿಪ್ ಮಾಡಿಸಿ, ಹೆಚ್ಚಿನ ಬಾಡಿಗೆ ನೀವು ಕೊಡಿ. ಚಹಾ ಹೊತ್ತು, ಊಟದ ಹೊತ್ತು ಎಲ್ಲರಿಗೂ ಒಮ್ಮೆಗೇ ಇರದಿರಲಿ. ಮಾಸ್ಕ್ ಇಳಿಯುವುದು ಆಗಲೇ.

ಮಾಸ್ಕಿನ ವಿಷಯ. ಮೂಗಿಗೆ ಸುತ್ತಿದ ಟವೆಲ್ ತೊಗರಿ ಹೊಟ್ಟಿಗೆ ತುಸು ತಡೆ, ವೈರಸ್ಸಿಗೆ ಅಲ್ಲ. ಎನ್-95 ಧೂಳಿಗೂ ಸೋಂಕಿಗೂ ಆಗುತ್ತದೆ. ಆದರೆ ಗಡ್ಡದ ಮೇಲೆ ಅದು ಕೂರುವುದಿಲ್ಲ. ಉಸಿರು ಬಿಡುವ ಕವಾಟ ಇರುವಂಥದು ತೊಟ್ಟವನನ್ನು ಕಾಪಾಡೀತು, ಎದುರಿನವನನ್ನಲ್ಲ. ಚೀಲ ಹೊರುವವರಿಗೆ ಬಿಸಿಲಲ್ಲಿ ಬಿಗಿ ಮಾಸ್ಕ್ ಹಾಕಿಸುವುದು ಅಪಾಯ. ಬೆವರಿಗೆ ತೊಯ್ದರೆ ಉಸಿರೇ ಆಡುವುದಿಲ್ಲ. ಹೊರಾಂಗಣದ ಲೋಡಿಂಗಿಗೆ ಮಾಸ್ಕ್ ಬಿಡಿ, ಬದಲಿಗೆ ಅದೇ ಆರೇಳು ಜನರ ಗುಂಪು ಹಂಗಾಮು ಮುಗಿಯುವವರೆಗೆ ಒಟ್ಟಿಗಿರಲಿ, ಇಂದು ಈ ಮಿಲ್ಲು ನಾಳೆ ಆ ಮಿಲ್ಲು ಎಂದು ಬದಲಾಗದಿರಲಿ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್-ಮೇನಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವ ರೂಢಿ ಇದೆ. ಲೋಡಿಂಗನ್ನೂ ಆ ಹೊತ್ತಿಗೆ, ಇನ್ನೂ ಮುಂಚೆಗೆ ತಂದರೆ ಬಿಸಿಲಿಗೂ ಸೋಂಕಿಗೂ ಒಂದೇ ಮದ್ದು.

ಗನ್ ಥರ್ಮಾಮೀಟರ್ ಇಟ್ಟುಕೊಳ್ಳುವುದಾದರೆ ನೆರಳಿನಲ್ಲಿಡಿ. ಹೆಚ್ಚಿನ ಗನ್‌ಗಳು 40 ಡಿಗ್ರಿಯ ಮೇಲಿನ ಹವೆಯಲ್ಲಿ ನಂಬಿಕೆಗೆ ಅರ್ಹವಲ್ಲ. ಬಿಸಿಲಲ್ಲಿ ನಡೆದು ಬಂದವರನ್ನು ಕಾಲು ಗಂಟೆ ಕೂರಿಸಿ ನೋಡಿ. ಸ್ಯಾನಿಟೈಸರಿನಲ್ಲಿ ಶೇ. 70ರಷ್ಟು ಆಲ್ಕೋಹಾಲ್, ಅದನ್ನು ಬಾಯ್ಲರ್, ಮೋಟಾರು, ಬೇಳೆ ಧೂಳು ಇರುವ ಕಡೆ ಇಡಬೇಡಿ. ಅಲ್ಲೆಲ್ಲ ಸಾಬೂನು-ನೀರೇ ಮೇಲು. ಸಾಬೂನನ್ನು ನಳಕ್ಕೆ ಹಗ್ಗದಿಂದ ಕಟ್ಟಿ.

ಸೊಳ್ಳೆಗೆ ಸಂಬಂಧಿಸಿದ್ದು ಚಿಕ್ಕದು. ಡೆಂಗಿಯ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಮೂಡಲು ಸುಮಾರು ಏಳರಿಂದ ಹತ್ತು ದಿನ. ವಾರದಲ್ಲಿ ಒಂದು ದಿನ ಗೊತ್ತು ಮಾಡಿ ಕೂಲರ್, ಡ್ರಮ್, ಗಿಡದ ಕುಂಡದ ತಟ್ಟೆ ಖಾಲಿ ಮಾಡಿ ಒಳಗೋಡೆ ಉಜ್ಜಿ. ಮೊಟ್ಟೆ ಗೋಡೆಗೆ ಅಂಟಿರುತ್ತದೆ, ಬರೀ ನೀರು ಚೆಲ್ಲಿದರೆ ಹೋಗುವುದಿಲ್ಲ. ಹುಮನಾಬಾದ್ ಹೆದ್ದಾರಿ ಬದಿಯ ಗ್ಯಾರೇಜಿನವರು ಹಳೆಯ ಟೈರುಗಳನ್ನು ಮಳೆಗೆ ಮುಂಚೆ ತಾಡಪತ್ರಿ ಹಾಕಿ ಮುಚ್ಚಲಿ.

ಕೆಲಸದ ನಡುವೆ ಒಬ್ಬರು ಬಿದ್ದರೆ

ಭೇದಿಯಾದವರಿಗೆ ಆಂಬುಲೆನ್ಸ್ ಬರುವವರೆಗೆ ಕಾಯದೆ ಓಆರ್‌ಎಸ್ ಶುರು ಮಾಡಿ. 20.5 ಗ್ರಾಂನ ಪೊಟ್ಟಣ ಪೂರ್ತಿ ಒಂದು ಲೀಟರಿಗೆ. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಎಂಬ ಅಂದಾಜು ಅಪಾಯಕರ, ಉಪ್ಪು ಹೆಚ್ಚಾಗುತ್ತದೆ. ಪೊಟ್ಟಣ ಇಲ್ಲದಿದ್ದರೆ ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. 40 ಜನರ ಮಿಲ್ಲಿನಲ್ಲಿ 40 ಪೊಟ್ಟಣ, ಒಂದು ಲೀಟರಿನ ಗುರುತು ಇರುವ ಪಾತ್ರೆ ಸದಾ ಇರಲಿ. ಕಣ್ಣು ಒಳಗೆ ಹೋಗಿದ್ದರೆ, ಆರು ಗಂಟೆ ಮೂತ್ರ ಆಗಿರದಿದ್ದರೆ, ಕುಡಿದದ್ದು ನಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಉಸಿರಿನ ಕಾಯಿಲೆಯಲ್ಲಿ, ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ ಅದೇ ಹೊತ್ತಿಗೆ ವೈದ್ಯರಿಗೆ, 90ಕ್ಕಿಂತ ಕೆಳಗಾದರೆ ನೇರ ಆಸ್ಪತ್ರೆಗೆ. ಮೆಹಂದಿ, ಉಗುರು ಬಣ್ಣ ಇದ್ದ ಬೆರಳಿನಲ್ಲಿ ಓದು ತಪ್ಪುತ್ತದೆ, ಬಣ್ಣವಿಲ್ಲದ ಬೆರಳು ಹುಡುಕಿ. ದೊಡ್ಡ ಸರ್ಕಾರಿ ಆಸ್ಪತ್ರೆಗಳು ಇವು: ಕಲಬುರಗಿಯಲ್ಲಿ ಜಿಮ್ಸ್ ಮತ್ತು ಇಎಸ್‌ಐಸಿ ಆಸ್ಪತ್ರೆ, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್. ರಾತ್ರಿ ಯಾವ ವಾಹನ, ಯಾರು ಚಾಲಕ, ಮೊದಲೇ ಗೊತ್ತಿರಲಿ.

ಕಾಯಿಲೆಯವರ ಹೆಸರನ್ನು ಮಿಲ್ಲಿನ ವಾಟ್ಸಾಪ್ ಗುಂಪಿಗೆ ಹಾಕಬೇಡಿ. 'ಪ್ಯಾಕಿಂಗ್ ವಿಭಾಗದ ಬೆಳಗಿನ ಪಾಳಿಯಲ್ಲಿ ಒಬ್ಬರಿಗೆ ಸೋಂಕು, ಜೊತೆಗಿದ್ದವರು ಲಕ್ಷಣ ನೋಡಿಕೊಳ್ಳಿ' ಎಂದರೆ ಸಾಕು. ಹೆಸರು, ಓಣಿ, ಜಾತಿ, ಧರ್ಮ ಹೊರಬಿದ್ದ ಕಡೆ ಮುಂದಿನ ರೋಗಿ ಬಾಯಿ ಬಿಡುವುದಿಲ್ಲ. ಸೂಚನೆ ಕನ್ನಡದ ಜೊತೆಗೆ ಉರ್ದುವಿನಲ್ಲೂ ಇರಲಿ, ಬೀದರಿನ ಕಡೆ ಮರಾಠಿಯಲ್ಲಿ, ಸೇಡಂ-ಗುರುಮಠಕಲ್ ಕಡೆ ತೆಲುಗಿನಲ್ಲೂ. ಓದಲು ಬಾರದವರಿಗೆ ಒಂದು ನಿಮಿಷದ ಧ್ವನಿ ಸಂದೇಶ, ಅವರಿಗೆ ಗುರುತಿರುವ ಮುಂದಾಳಿನ ದನಿಯಲ್ಲೇ.

ಮಿಲ್ಲು ನಿಲ್ಲದಂತೆ

ಒಂದು ಹಾಳೆಯಲ್ಲಿ ಬರೆಯಿರಿ: ಯಾರೊಬ್ಬರು ಬಾರದಿದ್ದರೆ ಯಾವ ಕೆಲಸ ಅಂದೇ ನಿಲ್ಲುತ್ತದೆ? ಸಾಮಾನ್ಯವಾಗಿ ಐದಾರು ಹೆಸರು ಬರುತ್ತವೆ, ಅದರಲ್ಲಿ ಮುನೀಮರೇ ಮೊದಲು. ಜಿಎಸ್‌ಟಿ ಪಾಸ್‌ವರ್ಡ್, ಇ-ವೇ ಬಿಲ್ಲಿನ ಓಟಿಪಿ ಬರುವ ಮೊಬೈಲ್, ಬ್ಯಾಂಕಿನ ಸಹಿ, ತಿಜೋರಿ ಬೀಗ ಎಲ್ಲ ಒಬ್ಬರ ಕೈಯಲ್ಲಿದ್ದರೆ ಅವರು ಮಲಗಿದ ದಿನ ತುಂಬಿದ ಲಾರಿಯೂ ಗೇಟು ದಾಟುವುದಿಲ್ಲ, ಉಳಿದವರ ಪಗಾರವೂ ಬಟವಡೆಯಾಗುವುದಿಲ್ಲ. ಪ್ರತಿ ಹೆಸರಿನ ಮುಂದೆ ಇನ್ನೊಬ್ಬರ ಹೆಸರು ಬರೆದು, ತಿಂಗಳಿಗೆ ಒಂದು ದಿನ ಆ ಇನ್ನೊಬ್ಬರ ಕೈಯಿಂದಲೇ ಕೆಲಸ ಮಾಡಿಸಿ. ಇಬ್ಬರೂ ಒಂದೇ ಪಾಳಿಯಲ್ಲಿ, ಒಂದೇ ಟಂಟಂನಲ್ಲಿ ಬಾರದಿರಲಿ. ಪಾಳಿಗಳ ನಡುವೆ ಅರ್ಧ ಗಂಟೆ ಬಿಡುವಿರಲಿ.

ಸೊಲ್ಲಾಪುರ, ಹೈದರಾಬಾದ್, ಲಾತೂರಿನಿಂದ ಬರುವ ಲಾರಿ ಚಾಲಕರಿಗೆ ಗೇಟಿನ ಪಕ್ಕದಲ್ಲೇ ನೀರು, ನೆರಳು, ಕಕ್ಕಸು ಮಾಡಿ. ಕಾಗದ ಕಿಟಕಿಯಲ್ಲಿ ಕೊಟ್ಟು ತೆಗೆದುಕೊಳ್ಳಲಿ. ಊರಿಗೆ ರೋಗ ತಂದವರೆಂದು ಅವರನ್ನು ಹೊರಗೆ ಬಿಸಿಲಲ್ಲಿ ನಿಲ್ಲಿಸುವುದು ಸಲ್ಲದು, ಬೇಳೆ ದೇಶಕ್ಕೆ ಹೋಗುವುದು ಅವರ ಕೈಯಿಂದಲೇ.

ಹೊರ ರಾಜ್ಯದಿಂದ ಬಂದು ಮಿಲ್ಲಿನ ಕೋಣೆಗಳಲ್ಲಿ ಉಳಿದವರ ಹೊಣೆ ಇನ್ನೂ ದೊಡ್ಡದು. ಒಂದು ಕೋಣೆಯನ್ನು ಕಾಯಿಲೆಯವರಿಗಾಗಿ ಖಾಲಿ ಇಡಿ, ಬೇರೆ ಕಕ್ಕಸು, ಬೇರೆ ಕೊಡ, ದಿನಕ್ಕೆ ಮೂರು ಸಲ ಬಾಗಿಲ ಬಳಿ ಊಟ. ರಸ್ತೆ ಬಂದಾದರೂ 15 ದಿನ ನಡೆಯುವಷ್ಟು ದಿನಸಿ ಬೇಕು: ತಲೆಗೆ ದಿನಕ್ಕೆ 400 ಗ್ರಾಂ ಜೋಳ-ಗೋಧಿ-ಅಕ್ಕಿ, 60 ಗ್ರಾಂ ಬೇಳೆ, 30 ಗ್ರಾಂ ಎಣ್ಣೆ. 20 ಜನಕ್ಕೆ 120 ಕಿಲೋ ಧಾನ್ಯ, 18 ಕಿಲೋ ಬೇಳೆ, 9 ಕಿಲೋ ಎಣ್ಣೆ. ಮನೆಗೆ ದುಡ್ಡು ಕಳಿಸಲು ಆ ತಿಂಗಳ ಪಗಾರ ಮುಂಗಡ ಕೊಡಿ. ನಮ್ಮದೇ ಯಾದಗಿರಿ, ಕಲಬುರಗಿಯ ಜನ 2020ರ ಮೇನಲ್ಲಿ ಮುಂಬೈ-ಪುಣೆಯಿಂದ ಕೈಯಲ್ಲಿ ಕಾಸಿಲ್ಲದೆ ಮರಳಿದ್ದು ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮರಳಿ ಕೆಲಸಕ್ಕೆ ಬರುವಾಗ: ಗುಳಿಗೆ ಇಲ್ಲದೆ 24 ಗಂಟೆ ಜ್ವರ ಬಂದಿರಬಾರದು, ಭೇದಿ ನಿಂತು 48 ಗಂಟೆ ಆಗಿರಬೇಕು. ಅಂದಿನ ಸರ್ಕಾರಿ ಸೂಚನೆ ಇದಕ್ಕಿಂತ ಹೆಚ್ಚು ದಿನ ಹೇಳಿದ್ದರೆ ಅದೇ ಪಾಲನೆಯಾಗಲಿ. ಬಂದ ಮೊದಲ ವಾರ ಚೀಲ ಹೊರಿಸಬೇಡಿ, ತೂಕದ ಕಾಟಾ, ಹೊಲಿಗೆ ಯಂತ್ರದಂಥ ಹಗುರ ಕೆಲಸ ಕೊಟ್ಟು ಹಳೆಯ ಕೂಲಿಯನ್ನೇ ಕೊಡಿ. ಇಎಸ್‌ಐ ಹಣಕ್ಕೆ ಮಾತ್ರ ಅಲ್ಲಿನ ವೈದ್ಯರ ಪ್ರಮಾಣಪತ್ರ ಬೇಕೇ ಬೇಕು, ಹಾಗಾಗಿ ಮೂರು ದಿನ ಮೀರುವಂತೆ ಕಂಡರೆ ಮೊದಲ ದಿನವೇ ಇಎಸ್‌ಐ ಚಿಕಿತ್ಸಾಲಯಕ್ಕೆ ಕಳಿಸಿ. ಹೊಸ ರೋಗಿ ಇಲ್ಲದೆ ಎರಡು ವಾರ ಕಳೆದ ಮೇಲೆ ಪಾಳಿಗಳನ್ನು ಮತ್ತೆ ಕೂಡಿಸಿ. ಆ ವಾರದಲ್ಲೇ ಓಆರ್‌ಎಸ್ ಪೊಟ್ಟಣಗಳ ಅವಧಿ ನೋಡಿ, ಹಳೆಯ ಬ್ಲೀಚಿಂಗ್ ಪೌಡರನ್ನು ಕಕ್ಕಸು ತೊಳೆಯಲು ಬಿಟ್ಟು ಹೊಸದು ತನ್ನಿ, ಕಾಯಿಲೆ ಸೂಟಿಯ ದುಡ್ಡು ಯಾರಿಗಾದರೂ ಬಾಕಿ ಇದ್ದರೆ ಬಟವಡೆ ಮಾಡಿ ಲೆಕ್ಕ ಮುಗಿಸಿ.